ಸುರಂಗ ಕೊರೆಯುವವರ ಶ್ವಾಸಕೋಶ ಯಾರ ಹೊಣೆ?

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅಂದು ಕೇಂದ್ರ ಸರ್ಕಾರ ಹೊರಡಿಸಿದ ವಿವರಣೆಯಲ್ಲಿ ಆರೋಗ್ಯ ತಪಾಸಣೆಯ ಬಗ್ಗೆ ಎರಡು ಮಾತುಗಳಿದ್ದವು. 40 ವರ್ಷ ದಾಟಿದ ಎಲ್ಲ ಕಾರ್ಮಿಕರಿಗೂ ವರ್ಷಕ್ಕೊಮ್ಮೆ ಉಚಿತ ತಪಾಸಣೆ ದೊರೆಯುತ್ತದೆ ಎನ್ನುವುದು ಮೊದಲನೆಯದು. ಅಪಾಯಕಾರಿ ಉದ್ದಿಮೆಗಳಲ್ಲಿ ದುಡಿಯುವವರಿಗಾದರೆ ವಯಸ್ಸಿನ ಮಾತಿಲ್ಲದೆ ಎಲ್ಲರಿಗೂ ದೊರೆಯುತ್ತದೆ ಎನ್ನುವುದು ಎರಡನೆಯದು. ಅದೇ ವರ್ಷ ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಉದ್ದದ, 17,000 ಕೋಟಿ ರೂಪಾಯಿಗೂ ಮೀರಿದ ಅಂದಾಜಿನ ಸುರಂಗ ರಸ್ತೆಯ ಬಗ್ಗೆ ಬಿಸಿ ಚರ್ಚೆ ನಡೆಯಿತು. ವಾಹನ ದಟ್ಟಣೆ, ಟೋಲ್, ಲಾಲ್‌ಬಾಗ್‌ನ ಪ್ರಾಚೀನ ಬಂಡೆ, ಅಂತರ್ಜಲ, ಇವೆಲ್ಲವೂ ಆ ಚರ್ಚೆಯಲ್ಲಿ ಬಂದವು. ನೆಲದಡಿ ಇಳಿದು ಆ ಬಂಡೆಯನ್ನು ಕೊರೆಯಬೇಕಾದವರ ಮಾತು ಮಾತ್ರ ಬಹುಮಟ್ಟಿಗೆ ಬರಲೇ ಇಲ್ಲ.

ಎರಡು ಸುದ್ದಿಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಏಳುವ ಪ್ರಶ್ನೆ ಸರಳವಾಗಿದೆ. ಜಾರ್ಖಂಡ್‌ನಿಂದಲೋ ಒಡಿಶಾದಿಂದಲೋ ಬಂದು ಕರ್ನಾಟಕದ ಸುರಂಗವೊಂದರಲ್ಲಿ ಕೆಲಸಕ್ಕೆ ಸೇರಿದ 24 ವರ್ಷದ ಯುವಕನೊಬ್ಬ ಈ ಎರಡು ಮಾತುಗಳಲ್ಲಿ ಯಾವುದರ ಅಡಿಯಲ್ಲಿ ಬರುತ್ತಾನೆ? ಉತ್ತರ ಸರಳವಾಗಿಲ್ಲ. ಏಕೆ ಸರಳವಾಗಿಲ್ಲ ಎಂಬುದನ್ನು ತಿಳಿಯಲು ಸುರಂಗ ಸುರಕ್ಷತೆಯ ತಜ್ಞರು ಮತ್ತು ವೈದ್ಯಕೀಯ ಸಂಶೋಧಕರು ಎಲ್ಲಿ ಒಟ್ಟಿಗೆ ನಡೆದರು, ಎಲ್ಲಿ ಬೇರೆಯಾದರು ಎಂಬುದನ್ನು ನೋಡಬೇಕಾಗುತ್ತದೆ.

ಕಣ್ಣಿಗೆ ಕಾಣುವ ಅಪಾಯ, ಕಾಣದ ಅಪಾಯ

ಸುರಂಗ ಎಂದೊಡನೆ ನಮಗೆ ನೆನಪಾಗುವುದು ಕುಸಿತ. 2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾದಲ್ಲಿ ಸುರಂಗದ ಒಂದು ಭಾಗ ಕುಸಿದು 41 ಕಾರ್ಮಿಕರು ಒಳಗೆ ಸಿಕ್ಕಿಬಿದ್ದರು. ಹದಿನೇಳನೆಯ ದಿನ, ನವೆಂಬರ್ 28ರ ರಾತ್ರಿ, ಎಲ್ಲರೂ ಜೀವಂತವಾಗಿ ಹೊರಬಂದರು. ಅವಶೇಷವನ್ನು ಕೊರೆಯಲು ತಂದ ದೊಡ್ಡ ಆಗರ್ ಯಂತ್ರ ಮುರಿದು ಕೈಚೆಲ್ಲಿದ ಮೇಲೆ ಕೊನೆಯ ಕೆಲವು ಮೀಟರ್‌ಗಳ ಅವಶೇಷವನ್ನು ಕೈಯಿಂದ ತೋಡಿದವರು ಇಲಿಬಿಲದಂಥ ಗಣಿಗಳಲ್ಲಿ ಪಳಗಿದ ಕಾರ್ಮಿಕರು. 2025ರ ಫೆಬ್ರವರಿ 22ರಂದು ತೆಲಂಗಾಣದ ಶ್ರೀಶೈಲಂ ಎಡದಂಡೆ ಕಾಲುವೆಯ ಸುರಂಗದಲ್ಲಿ, ಬಾಯಿಯಿಂದ ಸುಮಾರು 14 ಕಿಲೋಮೀಟರ್ ಒಳಗೆ, ನೀರು ಮತ್ತು ಕೆಸರು ನುಗ್ಗಿದಾಗ ಒಳಗೆ ಸಿಲುಕಿದ ಎಂಟು ಮಂದಿಯಲ್ಲಿ ಒಬ್ಬರನ್ನೂ ಉಳಿಸಿಕೊಳ್ಳಲಾಗಲಿಲ್ಲ.

ಇವು ದುರಂತಗಳು, ಮತ್ತು ಇವುಗಳಿಂದ ಕಲಿಯಬೇಕಾದದ್ದು ಬಹಳ ಇದೆ. ಸಿಲ್ಕ್ಯಾರಾ ಸುರಂಗಕ್ಕೆ 2018ರಲ್ಲಿ ಕೇಂದ್ರ ಸಂಪುಟ ಸಮಿತಿ ಒಪ್ಪಿಗೆ ನೀಡಿದಾಗ ತುರ್ತು ನಿರ್ಗಮನ ಮಾರ್ಗವೂ ಆ ಯೋಜನೆಯ ಭಾಗವಾಗಿತ್ತು. ಕುಸಿತದ ದಿನ ಹೊರಬರಲು ಅಂಥ ಹಾದಿ ಅಲ್ಲಿರಲಿಲ್ಲ. ಕಾಗದದಲ್ಲಿದ್ದ ಸುರಕ್ಷತೆ ನೆಲಕ್ಕೆ ಇಳಿಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ.

ಆದರೆ ಕುಸಿತಕ್ಕೆ ಒಂದು ದಿನಾಂಕವಿರುತ್ತದೆ, ಸ್ಥಳವಿರುತ್ತದೆ, ಕ್ಯಾಮೆರಾಗಳು ಬರುತ್ತವೆ, ತನಿಖೆ ನಡೆಯುತ್ತದೆ. ಸುರಂಗದ ದೂಳಿಗೆ ಇವು ಯಾವುವೂ ಇಲ್ಲ. ದೂಳು ಉಸಿರಾಡಿದ ದಿನ ಏನೂ ಆಗುವುದಿಲ್ಲ, ಮರುವರ್ಷವೂ ಏನೂ ಕಾಣದೆ ಇರಬಹುದು. ಐದು ವರ್ಷವೋ ಹದಿನೈದು ವರ್ಷವೋ ಕಳೆದ ಮೇಲೆ, ಸುರಂಗದಲ್ಲಿ ವಾಹನಗಳು ಓಡಾಡತೊಡಗಿ ಎಷ್ಟೋ ಕಾಲವಾದ ಮೇಲೆ, ಯಾವುದೋ ದೂರದ ಹಳ್ಳಿಯಲ್ಲಿ ಒಬ್ಬನಿಗೆ ನೀರು ಹೊತ್ತು ತರುವಾಗ ಏದುಸಿರು ಬರತೊಡಗುತ್ತದೆ. ಆ ಏದುಸಿರಿಗೂ ಈ ಸುರಂಗಕ್ಕೂ ನಂಟಿದೆ ಎಂದು ತೋರಿಸಲು ಬೇಕಾದ ದಾಖಲೆ ಆ ಹೊತ್ತಿಗೆ ಯಾರ ಬಳಿಯೂ ಇರುವುದಿಲ್ಲ.

ದೂಳು ಮಾಡುವ ಕೆಲಸ

ಬೆಂಗಳೂರಿನ ಅಡಿಯಲ್ಲಿರುವುದು ನೈಸ್ ಮತ್ತು ಗ್ರಾನೈಟ್ ಜಾತಿಯ ಬಂಡೆ. ಗ್ರಾನೈಟ್‌ನಲ್ಲಿ ಬೆಣಚುಕಲ್ಲಿನ ಪಾಲು ಕನಿಷ್ಠ ಐದನೇ ಒಂದರಷ್ಟಾದರೂ ಇರುತ್ತದೆ. ಈ ಬೆಣಚುಕಲ್ಲು ಎಂದರೆ ಹರಳುಗಟ್ಟಿದ ಸಿಲಿಕಾ. ಬಂಡೆಯಾಗಿ ಇರುವವರೆಗೆ ಅದರಿಂದ ಯಾರಿಗೂ ತೊಂದರೆಯಿಲ್ಲ. ಕೊರೆದಾಗ, ಒಡೆದಾಗ, ಸಿಡಿಸಿದಾಗ, ಒಡೆದ ಕಲ್ಲನ್ನು ಲಾರಿಗೆ ತುಂಬಿದಾಗ ಅದರ ಕಣಗಳು ಗಾಳಿಗೆ ಸೇರುತ್ತವೆ. ಕಣ್ಣಿಗೆ ಕಾಣುವ ದಪ್ಪ ದೂಳನ್ನು ಮೂಗು ಮತ್ತು ಗಂಟಲು ತಡೆಹಿಡಿಯುತ್ತವೆ. ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗಕ್ಕಿಂತಲೂ ಚಿಕ್ಕದಾದ, ಕಣ್ಣಿಗೆ ಕಾಣದ ಕಣಗಳು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿದುಬಿಡುತ್ತವೆ. ಹೀಗಾಗಿ ‘ದೂಳೇನೂ ಕಾಣುತ್ತಿಲ್ಲವಲ್ಲ’ ಎಂಬ ಮಾತು ಸುರಂಗದಲ್ಲಿ ಸಮಾಧಾನದ ಮಾತಾಗಲಾರದು.

ಗಾಳಿಚೀಲಕ್ಕೆ ಇಳಿದ ಕಣವನ್ನು ದೇಹದ ಕಾವಲು ಕೋಶಗಳು ನುಂಗುತ್ತವೆ. ಆದರೆ ಸಿಲಿಕಾವನ್ನು ಕರಗಿಸಲು ಅವುಗಳಿಂದ ಆಗುವುದಿಲ್ಲ. ನುಂಗಿದ ಕೋಶವೇ ಸಾಯುತ್ತದೆ, ಸಾಯುವಾಗ ಉರಿಯೂತ ಉಂಟುಮಾಡುವ ರಾಸಾಯನಿಕಗಳನ್ನು ಹೊರಚೆಲ್ಲುತ್ತದೆ, ಕಣ ಮತ್ತೆ ಬಿಡುಗಡೆಯಾಗಿ ಇನ್ನೊಂದು ಕೋಶದ ಪಾಲಾಗುತ್ತದೆ. ಈ ಚಕ್ರ ಮರುಕಳಿಸಿದಂತೆಲ್ಲ ಮೃದುವಾದ ಶ್ವಾಸಕೋಶದಲ್ಲಿ ಗಾಯದ ಕಲೆಯಂಥ ಗಟ್ಟಿ ಗಂಟುಗಳು ಬೆಳೆಯುತ್ತವೆ. ಇದೇ ಸಿಲಿಕೋಸಿಸ್. ಕೆಲಸ ಬಿಟ್ಟ ಮೇಲೂ ಒಳಗಿರುವ ಕಣಗಳು ತಮ್ಮ ಕೆಲಸ ನಿಲ್ಲಿಸುವುದಿಲ್ಲವಾದ್ದರಿಂದ ರೋಗವೂ ಮುಂದುವರಿಯಬಹುದು. ಅದನ್ನು ಹಿಂದಿರುಗಿಸುವ ಔಷಧಿ ಇಂದಿಗೂ ಇಲ್ಲ. ಜೊತೆಗೆ ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಎರಡರ ಲಕ್ಷಣಗಳೂ ಹೋಲುವುದರಿಂದ ಸಿಲಿಕೋಸಿಸ್ ರೋಗಿಗೆ ಕ್ಷಯದ ಮಾತ್ರೆಗಳನ್ನೇ ಮತ್ತೆ ಮತ್ತೆ ಕೊಡುವುದು ನಮ್ಮ ದೇಶದಲ್ಲಿ ಅಪರೂಪವಲ್ಲ.

ಇಲ್ಲಿ ಕಾಲದ ಲೆಕ್ಕ ಮುಖ್ಯ. ಮಿತವಾದ ದೂಳಿನಲ್ಲಿ ರೋಗ ಕಾಣಿಸಿಕೊಳ್ಳಲು ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಬೇಕಾಗಬಹುದು. ದೂಳು ಹೆಚ್ಚಿದ್ದರೆ ಐದರಿಂದ ಹತ್ತು ವರ್ಷ ಸಾಕು. ಅತಿಯಾದ ದೂಳಿನಲ್ಲಿ ಅದಕ್ಕಿಂತಲೂ ಬೇಗ. ಇಪ್ಪತ್ತರ ವಯಸ್ಸಿನಲ್ಲಿ ಸುರಂಗಕ್ಕಿಳಿದವನನ್ನು ನಲವತ್ತನೆಯ ವಯಸ್ಸಿನಲ್ಲಿ ಮೊದಲ ಬಾರಿ ತಪಾಸಣೆಗೆ ಕರೆದರೆ, ಇಪ್ಪತ್ತು ವರ್ಷಗಳ ದೂಳು ಆಗಲೇ ಅವನೊಳಗೆ ಕೂತಿರುತ್ತದೆ. ಮಧುಮೇಹ, ರಕ್ತದೊತ್ತಡಗಳಿಗೆ 40 ವರ್ಷದ ಗೆರೆ ಅರ್ಥಪೂರ್ಣವಾಗಿರಬಹುದು. ಸಿಲಿಕಾದ ವಿಷಯದಲ್ಲಿ ಗೆರೆ ಎಳೆಯಬೇಕಾದದ್ದು ವಯಸ್ಸಿಗೆ ಅಲ್ಲ, ದೂಳಿನಲ್ಲಿ ಕಳೆದ ಪಾಳಿಗಳ ಲೆಕ್ಕಕ್ಕೆ.

ಒಂದೇ ಬಂಡೆಗೆ ಎರಡು ಕಾನೂನು

ಹಾಗಾದರೆ ಸುರಂಗದ ಕೆಲಸವನ್ನು ‘ಅಪಾಯಕಾರಿ’ ವರ್ಗಕ್ಕೆ ಸೇರಿಸಿಬಿಟ್ಟರೆ ಆಯಿತಲ್ಲ ಎನ್ನಬಹುದು. ಗೊಂದಲ ನಿಜವಾಗಿ ಆರಂಭವಾಗುವುದು ಇಲ್ಲಿಯೇ. ನಮ್ಮ ಕಾನೂನು ನೆಲದಡಿಯ ಕೆಲಸವನ್ನು ಬಂಡೆಯನ್ನು ನೋಡಿ ವಿಂಗಡಿಸುವುದಿಲ್ಲ, ಉದ್ದೇಶವನ್ನು ನೋಡಿ ವಿಂಗಡಿಸುತ್ತದೆ. ಖನಿಜ ಪಡೆಯುವುದಕ್ಕಾಗಿ ತೋಡಿದರೆ ಅದು ಗಣಿ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಕಣ್ಗಾವಲು, ಗಣಿ ಕಾರ್ಮಿಕರ ವೈದ್ಯಕೀಯ ಪರೀಕ್ಷೆಯ ದೀರ್ಘ ಪರಂಪರೆ ಅದಕ್ಕೆ ಅನ್ವಯವಾಗುತ್ತವೆ. ರಸ್ತೆಗಾಗಿಯೋ ರೈಲಿಗಾಗಿಯೋ ನೀರಿಗಾಗಿಯೋ ತೋಡಿದರೆ ಅದು ಕಟ್ಟಡ ಮತ್ತು ಇತರೆ ನಿರ್ಮಾಣ ಕಾಮಗಾರಿ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಸುರಂಗಗಳನ್ನು ಹೆಸರಿಸಿಯೇ ಈ ಗುಂಪಿನಲ್ಲಿ ಇಟ್ಟಿತ್ತು, 1998ರ ಕೇಂದ್ರ ನಿಯಮಗಳಲ್ಲಿ ಅಗೆತ ಮತ್ತು ಸುರಂಗ ಕಾಮಗಾರಿಗೆ ಪ್ರತ್ಯೇಕ ಅಧ್ಯಾಯವೂ ಇತ್ತು. ಈಗ ಆ ಕಾಯ್ದೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ವಿಲೀನವಾಗಿದೆ.

ವಿಲೀನವಾದರೂ ಭೇದ ಅಳಿದಿಲ್ಲ. ಹೊಸ ಸಂಹಿತೆಯ ಪ್ರಕಾರ ಗಣಿಯಲ್ಲಿ 100 ಕಾರ್ಮಿಕರಿದ್ದರೆ ಸುರಕ್ಷತಾ ಅಧಿಕಾರಿಯ ನೇಮಕ ಕಡ್ಡಾಯ. ನಿರ್ಮಾಣ ಕಾಮಗಾರಿಯಲ್ಲಿ ಆ ಸಂಖ್ಯೆ 250. ಅದೇ ಬೆಣಚುಕಲ್ಲು, ಅದೇ ಕತ್ತಲು, ಅದೇ ದೂಳು ಇರುವಾಗ 150 ಮಂದಿ ಕೆಲಸ ಮಾಡುವ ಗಣಿಗೆ ಕಡ್ಡಾಯವಾದದ್ದು 150 ಮಂದಿಯ ಸುರಂಗಕ್ಕೆ ಕಡ್ಡಾಯವಲ್ಲ. ಹಿಂದಿನ ನಿಯಮಗಳಲ್ಲಿ ನಿರ್ಮಾಣ ಕೆಲಸಕ್ಕೆ ಈ ಮಿತಿ 500 ಇತ್ತು ಎಂಬುದನ್ನು ನೆನೆದರೆ 250 ಸುಧಾರಣೆಯೇ ಸರಿ. ಆದರೆ ದೊಡ್ಡ ಕಾಮಗಾರಿಗಳು ನಡೆಯುವ ರೀತಿಯನ್ನು ಬಲ್ಲವರಿಗೆ ಇನ್ನೊಂದು ತೊಡಕು ಗೊತ್ತಿದೆ. ಕೊರೆಯುವವರು ಒಬ್ಬ ಉಪಗುತ್ತಿಗೆದಾರನ ಆಳುಗಳು, ಕಾಂಕ್ರೀಟ್ ಸಿಂಪಡಿಸುವವರು ಇನ್ನೊಬ್ಬನವರು, ಕಲ್ಲು ಸಾಗಿಸುವವರು ಮತ್ತೊಬ್ಬನವರು. ತಲೆ ಎಣಿಕೆಯನ್ನು ಇಡೀ ಸುರಂಗಕ್ಕೆ ಮಾಡಬೇಕೋ, ಪ್ರತಿ ಉಪಗುತ್ತಿಗೆಗೆ ಮಾಡಬೇಕೋ ಎಂಬುದನ್ನು ನಿಯಮಗಳು ಬಿಡಿಸಿ ಹೇಳದಿದ್ದರೆ ಮಿತಿ ಎಷ್ಟೇ ಇದ್ದರೂ ಅದರ ಕೆಳಗೆ ನುಸುಳಲು ದಾರಿ ಸಿಗುತ್ತದೆ.

ದೂಳಿನ ಮಿತಿಯಲ್ಲಿಯೂ ಇಂಥದೇ ಒಡಕಿದೆ. ಅಮೆರಿಕ 2016ರಲ್ಲಿ, ಎಂಟು ಗಂಟೆಯ ಸರಾಸರಿಗೆ, ಒಂದು ಘನ ಮೀಟರ್ ಗಾಳಿಯಲ್ಲಿ 50 ಮೈಕ್ರೋಗ್ರಾಂ ಸಿಲಿಕಾ ಎಂಬ ಮಿತಿಯನ್ನು ತಂದಿತು. ನಮ್ಮ ಹಳೆಯ ಕಾರ್ಖಾನೆ ಕಾಯ್ದೆಯ ಸೂತ್ರವನ್ನು ಲೆಕ್ಕ ಹಾಕಿದರೆ ಶುದ್ಧ ಬೆಣಚುಕಲ್ಲಿನ ದೂಳಿಗೆ ಸುಮಾರು 100 ಮೈಕ್ರೋಗ್ರಾಂ ಬರುತ್ತದೆ. ಅದಕ್ಕಿಂತ ದೊಡ್ಡ ಸಮಸ್ಯೆ ಅಳತೆಯದು. ಕಾರ್ಮಿಕನ ಕಾಲರಿಗೆ ಸಣ್ಣ ಪಂಪು ಸಿಕ್ಕಿಸಿ ಪಾಳಿಯುದ್ದಕ್ಕೂ ಅವನು ಉಸಿರಾಡುವ ಗಾಳಿಯನ್ನೇ ಅಳೆಯಬೇಕು. ಸುರಂಗದ ಬಾಯಿಯಲ್ಲಿ ಒಂದು ಉಪಕರಣ ಇಟ್ಟು ತೆಗೆದ ಅಂಕಿ, ಒಳಗಿನ ತುದಿಯಲ್ಲಿ ನಿಂತವನ ಬಗ್ಗೆ ಏನನ್ನೂ ಹೇಳುವುದಿಲ್ಲ.

ವೈದ್ಯರು ಸುರಂಗಕ್ಕೆ ಇಳಿದ ದಿನಗಳು

ಎಂಜಿನಿಯರರೂ ವೈದ್ಯರೂ ಒಟ್ಟಿಗೆ ಕೂತಾಗ ಸುರಂಗಗಳಲ್ಲಿ ಸಾವು ಕಡಿಮೆಯಾಗಿದೆ ಎಂಬುದು ಹಾರೈಕೆಯಲ್ಲ, ದಾಖಲಾದ ಚರಿತ್ರೆ. ಆಲ್ಪ್ಸ್ ಪರ್ವತದಡಿ ಗೊಟಾರ್ಡ್ ರೈಲು ಸುರಂಗವನ್ನು 1872ರಿಂದ 1882ರವರೆಗೆ ಕೊರೆಯುವಾಗ ಕಾರ್ಮಿಕರು ಬಿಳಿಚಿಕೊಂಡು, ಬಲ ಕಳೆದುಕೊಂಡು ಕುಸಿಯತೊಡಗಿದರು. ಕೆಟ್ಟ ಗಾಳಿಯೇ ಕಾರಣ ಎಂದು ಬಹಳ ಮಂದಿ ನಂಬಿದ್ದರು. 1880ರಲ್ಲಿ ಟ್ಯೂರಿನ್‌ನ ಎದೊಆರ್ದೊ ಪೆರೊಂಚಿತೊ ಮುಂತಾದ ಸಂಶೋಧಕರು ರೋಗಿಗಳನ್ನು ಪರೀಕ್ಷಿಸಿ, ಕಾರಣ ಕರುಳಿನಲ್ಲಿದ್ದು ರಕ್ತ ಹೀರುವ ಕೊಕ್ಕೆಹುಳು ಎಂದು ತೋರಿಸಿದರು. ಶೌಚಾಲಯಗಳಿಲ್ಲದ, ಬೆಚ್ಚಗಿನ, ತೇವಭರಿತ ಸುರಂಗ ಆ ಹುಳುವಿಗೆ ಹೇಳಿಮಾಡಿಸಿದ ಜಾಗವಾಗಿತ್ತು. ಮುಂದೆ 1898ರಲ್ಲಿ ಸಿಂಪ್ಲನ್ ಸುರಂಗ ಆರಂಭವಾದಾಗ ಶೌಚ, ಸ್ನಾನ, ಬಟ್ಟೆ ಬದಲಿಸುವ ವ್ಯವಸ್ಥೆಗಳನ್ನು ಮೊದಲೇ ಯೋಜನೆಯಲ್ಲಿ ಸೇರಿಸಲಾಯಿತು, ಗೊಟಾರ್ಡ್‌ನ ಆ ಕಥೆ ಅಲ್ಲಿ ಮರುಕಳಿಸಲಿಲ್ಲ.

ನ್ಯೂಯಾರ್ಕಿನ ಹಡ್ಸನ್ ನದಿಯಡಿಯ ಸುರಂಗದ್ದು ಇನ್ನೊಂದು ಪಾಠ. ನದಿಯ ನೀರು ಒಳನುಗ್ಗದಂತೆ ಸುರಂಗದಲ್ಲಿ ಗಾಳಿಯ ಒತ್ತಡ ಹೆಚ್ಚಿಸಿ ಕೆಲಸ ಮಾಡಿಸುತ್ತಿದ್ದರು. ಹೆಚ್ಚಿದ ಒತ್ತಡದಲ್ಲಿ ಸಾರಜನಕ ರಕ್ತದಲ್ಲಿ ಕರಗುತ್ತದೆ. ಥಟ್ಟನೆ ಹೊರಬಂದರೆ, ಸೋಡಾ ಬಾಟಲಿಯ ಗೋಲಿ ಒತ್ತಿದೊಡನೆ ನೊರೆ ಉಕ್ಕುವಂತೆ, ರಕ್ತದಲ್ಲಿ ಗುಳ್ಳೆಗಳೇಳುತ್ತವೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯು, ಸಾವಿನವರೆಗೂ ಅದು ಒಯ್ಯುತ್ತದೆ. 1889ರ ಸುಮಾರಿಗೆ ಅಲ್ಲಿಗೆ ಬಂದ ಎಂಜಿನಿಯರ್ ಅರ್ನೆಸ್ಟ್ ಮೊಯಿರ್, ವರ್ಷಕ್ಕೆ ನಾಲ್ವರಲ್ಲಿ ಒಬ್ಬರಂತೆ ಸಾಯುತ್ತಿದ್ದುದನ್ನು ಕಂಡು, ರೋಗಿಯನ್ನು ಮತ್ತೆ ಒತ್ತಡದಲ್ಲಿಟ್ಟು ನಿಧಾನವಾಗಿ ಹೊರತರುವ ಕೋಣೆಯೊಂದನ್ನು ಕಟ್ಟಿಸಿದ. ಮುಂದಿನ ಹದಿನೈದು ತಿಂಗಳಲ್ಲಿ ಸುಮಾರು 120 ಮಂದಿಯಲ್ಲಿ ಸತ್ತವರು ಇಬ್ಬರು. 1908ರಲ್ಲಿ ಬ್ರಿಟನ್ನಿನ ಶರೀರವಿಜ್ಞಾನಿ ಜೆ.ಎಸ್. ಹಾಲ್ಡೇನ್ ಮತ್ತು ಸಹಚರರು ಹಂತಹಂತವಾಗಿ ಒತ್ತಡ ಇಳಿಸುವ ಕೋಷ್ಟಕಗಳನ್ನು ಪ್ರಕಟಿಸಿದರು. ಇಂದಿನ ಕೋಷ್ಟಕಗಳ ಮೂಲ ಅಲ್ಲಿದೆ.

ರಸ್ತೆ ಸುರಂಗದ ಮಟ್ಟಿಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ನ್ಯೂಯಾರ್ಕಿನಲ್ಲಿ 1927ರಲ್ಲಿ ತೆರೆದ ಹಾಲೆಂಡ್ ಸುರಂಗ. ಅಷ್ಟು ಉದ್ದದ ಸುರಂಗದಲ್ಲಿ ಮೋಟಾರು ಗಾಡಿಗಳು ಉಗುಳುವ ಕಾರ್ಬನ್ ಮೊನಾಕ್ಸೈಡ್ ಎಷ್ಟಿದ್ದರೆ ಮನುಷ್ಯ ತಾಳಬಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಎಂಜಿನಿಯರರು ಊಹೆಯ ಮೇಲೆ ಫ್ಯಾನುಗಳನ್ನು ಕೂರಿಸಲಿಲ್ಲ. ಯೇಲ್ ವಿಶ್ವವಿದ್ಯಾಲಯದ ಯಾಂಡೆಲ್ ಹೆಂಡರ್ಸನ್ ತಂಡ ಮುಚ್ಚಿದ ಕೋಣೆಯಲ್ಲಿ ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿ, ಹತ್ತು ಸಾವಿರ ಪಾಲು ಗಾಳಿಗೆ ನಾಲ್ಕು ಪಾಲಿನವರೆಗೆ ಒಂದು ಗಂಟೆ ತಾಳಬಹುದು ಎಂದು ಹೇಳಿತು. ಆ ಅಂಕಿಯಿಂದ ಗಾಳಿಯ ಲೆಕ್ಕ ಹೊರಟಿತು, ಆ ಲೆಕ್ಕದಿಂದ 84 ದೊಡ್ಡ ಫ್ಯಾನುಗಳು ಬಂದವು. ಇಂದಿನ ಮಿತಿಗಳು ಅದಕ್ಕಿಂತ ಬಹಳ ಬಿಗಿಯಾಗಿವೆ. ಆದರೆ ಕ್ರಮ ಮಾತ್ರ ಅದೇ ಆಗಿರಬೇಕು: ಮೊದಲು ಮನುಷ್ಯನ ದೇಹ ಏನನ್ನು ತಾಳುತ್ತದೆ ಎಂಬ ಪ್ರಶ್ನೆ, ಆಮೇಲೆ ವಿನ್ಯಾಸ.

ಈ ಕ್ರಮ ತಪ್ಪಿದಾಗ ಆದದ್ದು ಅಮೆರಿಕದ ಪಶ್ಚಿಮ ವರ್ಜೀನಿಯಾದ ಹಾಕ್ಸ್ ನೆಸ್ಟ್. 1930–31ರಲ್ಲಿ ಜಲವಿದ್ಯುತ್ ಯೋಜನೆಗಾಗಿ ಸಿಲಿಕಾ ತುಂಬಿದ ಮರಳುಗಲ್ಲನ್ನು ನೀರು ಹಾಯಿಸದೆ ಒಣದಾಗಿ ಕೊರೆಯಲಾಯಿತು. ಒಣ ಕೊರೆತ ಬೇಗ ಸಾಗುತ್ತದೆ. ಕೆಲಸಗಾರರಲ್ಲಿ ಬಹುಪಾಲು ಕಪ್ಪು ಜನಾಂಗದ ವಲಸಿಗರು. ಸತ್ತವರ ಸಂಖ್ಯೆಯ ಅಂದಾಜುಗಳು 476ರಿಂದ 700 ದಾಟುವವರೆಗೆ ಇವೆ. ನಿಖರ ಸಂಖ್ಯೆ ಎಂದಿಗೂ ತಿಳಿಯದೆ ಹೋಗಲು ಕಾರಣ, ಕೆಲಸ ಮುಗಿದೊಡನೆ ಜನ ತಮ್ಮ ತಮ್ಮ ಊರುಗಳಿಗೆ ಚದುರಿಹೋದದ್ದು ಮತ್ತು ಅವರನ್ನು ಹಿಂಬಾಲಿಸುವ ದಾಖಲೆ ಇಲ್ಲದಿದ್ದದ್ದು.

ಕೋಲಾರದ ನೆನಪು

ಕನ್ನಡ ನಾಡಿಗೆ ಈ ವಿದ್ಯೆ ಹೊಸದಲ್ಲ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಕೋಲಾರದ ಚಿನ್ನದ ಗಣಿಗಳಲ್ಲಿ, ನೆಲದಡಿಯ ಒತ್ತಡಕ್ಕೆ ಬಂಡೆ ತಾನಾಗಿಯೇ ಸಿಡಿಯುವುದನ್ನು ಅಧ್ಯಯನ ಮಾಡುವ ಪರಿಣತಿ ಬೆಳೆಯಿತು; 1988ರಲ್ಲಿ ಅಲ್ಲೇ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿತು. 2001ರಲ್ಲಿ ಗಣಿ ಮುಚ್ಚಿದರೂ ಸಂಸ್ಥೆ ಉಳಿದು ದೇಶದ ಅಣೆಕಟ್ಟು, ಸುರಂಗಗಳಿಗೆ ಸಲಹೆ ನೀಡುತ್ತಿದೆ. ಅದೇ ಕೋಲಾರದಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆಯ ಪರೀಕ್ಷೆ ನಡೆದು, ಅವರಲ್ಲಿ ಶೇಕಡ 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದದ್ದು ಭಾರತದ ಔದ್ಯೋಗಿಕ ಆರೋಗ್ಯ ಚರಿತ್ರೆಯ ಮೊದಲ ಅಧ್ಯಾಯಗಳಲ್ಲೊಂದು.

ಬಂಡೆಯ ವಿಜ್ಞಾನಕ್ಕೆ ಕೋಲಾರದಿಂದ ಒಂದು ಸಂಸ್ಥೆ ಉಳಿಯಿತು. ಎದೆಯ ವಿಜ್ಞಾನಕ್ಕೆ ಅಂಥ ಮನೆ ಅಲ್ಲಿ ಉಳಿಯಲಿಲ್ಲ. ಇದನ್ನು ನಷ್ಟವೆಂದೇ ಕರೆಯಬೇಕು. ಒಂದೇ ನೆಲದಲ್ಲಿ ಜೊತೆಯಾಗಿ ಬೆಳೆಯಬಹುದಾಗಿದ್ದ ಎರಡು ವಿದ್ಯೆಗಳು ಬೇರೆ ಬೇರೆ ಊರು, ಬೇರೆ ಬೇರೆ ಸಚಿವಾಲಯಗಳ ಪಾಲಾದವು.

ಯಂತ್ರ ಬಂದ ಮೇಲೂ ಉಳಿಯುವ ಕೆಲಸ

ಯೋಜನೆಗಳ ಪರವಾಗಿ ವಾದಿಸುವವರ ಮುಖ್ಯ ಮಾತು, ಕಾಲ ಬದಲಾಗಿದೆ ಎಂಬುದು. ನಮ್ಮ ಮೆಟ್ರೊದ ನಾಗವಾರ ಮಾರ್ಗದ 13.76 ಕಿಲೋಮೀಟರ್ ನೆಲದಡಿ ಭಾಗವನ್ನು ಊರ್ಜಾ, ತುಂಗಾ, ಭದ್ರಾ ಮುಂತಾದ ಒಂಬತ್ತು ಕೊರೆಯುವ ಯಂತ್ರಗಳು ಮುಗಿಸಿದವು. ಮುಚ್ಚಿದ ಮುಖದ ಇಂಥ ಯಂತ್ರದಲ್ಲಿ ಕಲ್ಲು ಒಡೆಯುವುದು ಉಕ್ಕಿನ ಗೋಡೆಯ ಆಚೆಗೆ, ನೀರು ಅಥವಾ ನೊರೆಯ ನಡುವೆ. ಕಾರ್ಮಿಕನಿಗೂ ದೂಳಿಗೂ ನಡುವೆ ತಡೆಯಿದೆ. ಈ ವಾದದಲ್ಲಿ ತಿರುಳಿದೆ. ಒಣ ಕೊರೆತದ ಕಾಲಕ್ಕೆ ಹೋಲಿಸಿದರೆ ಇದು ಬಹು ದೊಡ್ಡ ಮುನ್ನಡೆ, ಅದನ್ನು ಅಲ್ಲಗಳೆಯಬೇಕಿಲ್ಲ.

ಆದರೆ ಯಂತ್ರ ಕೊರೆಯುವುದು ಉದ್ದನೆಯ ಕೊಳವೆಯನ್ನು ಮಾತ್ರ. ಯಂತ್ರವನ್ನು ಇಳಿಸುವ ಬಾವಿ, ಎರಡು ಕೊಳವೆಗಳನ್ನು ಜೋಡಿಸುವ ಅಡ್ಡದಾರಿ, ಏರು–ಇಳಿ ರ‍್ಯಾಂಪ್, ಗಾಳಿಯ ಶಾಫ್ಟ್, ಇವೆಲ್ಲವನ್ನೂ ಕಲ್ಲು ಒಡೆಯುವ ಬ್ರೇಕರ್‌ನಿಂದಲೋ ಸಿಡಿಮದ್ದಿನಿಂದಲೋ ತೆಗೆಯಬೇಕಾಗುತ್ತದೆ. ಕಾಂಕ್ರೀಟ್ ಸಿಂಪಡಿಸುವಾಗಲೂ ದೂಳೇಳುತ್ತದೆ. ಶರಾವತಿ ಕಣಿವೆಯಲ್ಲಿ ಯೋಜಿಸಿರುವ, ನೀರನ್ನು ಮೇಲಕ್ಕೆತ್ತಿ ಮತ್ತೆ ಹರಿಸಿ ವಿದ್ಯುತ್ ಪಡೆಯುವ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್‌ನಂಥ ಭೂಗತ ವಿದ್ಯುದಾಗಾರಗಳ ದೊಡ್ಡ ಗುಹೆಗಳನ್ನು ಇಂಥ ಯಂತ್ರ ಕೊರೆಯಲಾರದು. ಅಲ್ಲಿ ಕೊರೆದು ಸಿಡಿಸುವುದೇ ರೂಢಿ.

ಮತ್ತೆ, ಬೆಂಗಳೂರಿನ ನೆಲ ಒಂದೇ ಬಗೆಯದಲ್ಲ. ಕಗ್ಗಲ್ಲಿನ ಪಕ್ಕದಲ್ಲೇ ಸವೆದ ಮೆತ್ತನೆಯ ಮಣ್ಣು, ನಡುವೆ ಉಂಡೆಗಲ್ಲು. ಮೆಟ್ರೊ ಮೊದಲ ಹಂತದಲ್ಲಿ ಚಿಕ್ಕಪೇಟೆ–ಮೆಜೆಸ್ಟಿಕ್ ನಡುವೆ ಗೋದಾವರಿ ಯಂತ್ರ ತಿಂಗಳುಗಟ್ಟಲೆ ನಿಂತುಹೋದದ್ದು ಈ ಮಿಶ್ರ ನೆಲದಲ್ಲೇ. ಇಂಥ ನೆಲದಲ್ಲಿ ಯಂತ್ರದ ಹಲ್ಲುಗಳು ಬೇಗ ಸವೆಯುತ್ತವೆ, ಅವನ್ನು ಬದಲಿಸಲು ಮನುಷ್ಯರು ಯಂತ್ರದ ಮುಂಭಾಗಕ್ಕೆ ಹೋಗಬೇಕು. ಅಂತರ್ಜಲವಿದ್ದರೆ ಅಲ್ಲಿ ಒತ್ತಡದ ಗಾಳಿ ತುಂಬಬೇಕಾಗುತ್ತದೆ. ಅಂದರೆ ಹಡ್ಸನ್ ನದಿಯಡಿಯ ಸಮಸ್ಯೆ ಮತ್ತೆ ಎದುರಾಗುತ್ತದೆ. ಯಾರು ಒಳಹೋಗಲು ಯೋಗ್ಯರು, ಎಷ್ಟು ಹೊತ್ತು ಇರಬಹುದು, ಎಷ್ಟು ನಿಧಾನವಾಗಿ ಹೊರಬರಬೇಕು ಎಂಬ ತೀರ್ಮಾನ ಎಂಜಿನಿಯರ್ ಒಬ್ಬನದಲ್ಲ. ಒತ್ತಡದ ವೈದ್ಯಕೀಯ ಬಲ್ಲ ವೈದ್ಯರು ಅಲ್ಲಿರಬೇಕು.

ಆಸ್ಟ್ರೇಲಿಯಾದ ಅನುಭವವೂ ಯಂತ್ರದ ಮೇಲಿನ ಭರವಸೆಗೆ ಮಿತಿ ಹಾಕುತ್ತದೆ. ಕೃತಕ ಕಲ್ಲಿನ ಅಡುಗೆಕಟ್ಟೆಗಳನ್ನು ಕತ್ತರಿಸುವವರಲ್ಲಿ ಸಿಲಿಕೋಸಿಸ್ ಹಬ್ಬಿದ್ದರಿಂದ ಆ ದೇಶ 2024ರ ಜುಲೈ 1ರಿಂದ ಅಂಥ ಕಲ್ಲನ್ನೇ ನಿಷೇಧಿಸಿತು. ಆಮೇಲೆ ಗಮನ ಹೊರಳಿದ್ದು ಸಿಡ್ನಿಯ ಸುರಂಗಗಳ ಕಡೆಗೆ. ಮರಳುಗಲ್ಲನ್ನು ಕೊರೆದ ಕಾರ್ಮಿಕರಲ್ಲೂ ರೋಗ ಪತ್ತೆಯಾಗಿ, 2025ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಸುರಂಗದ ದೂಳಿಗಾಗಿಯೇ ತಜ್ಞರ ಕಾರ್ಯಪಡೆ ರಚಿಸಬೇಕಾಯಿತು. ಹಣ, ಯಂತ್ರ, ಕಾನೂನು ಮೂರೂ ಇರುವಲ್ಲೇ ಹೀಗಾಗಿದೆ.

ಅನುಭವಿಯ ಮಾತು ನಡೆಯಬೇಕಾದರೆ

ದೇಶದಲ್ಲಿ ಸುರಂಗ ಸುರಕ್ಷತೆಯ ಅನುಭವಿಗಳಿಲ್ಲವೆಂದಲ್ಲ. ಅವರ ಮಾತಿಗೆ ಯಾವ ಹಂತದಲ್ಲಿ ಎಷ್ಟು ಬಲವಿದೆ ಎಂಬುದು ಪ್ರಶ್ನೆ. ಸಾಮಾನ್ಯವಾಗಿ ಸುರಕ್ಷತಾ ಅಧಿಕಾರಿ ಗುತ್ತಿಗೆದಾರನ ಸಂಬಳದಲ್ಲಿರುತ್ತಾನೆ. ಗುತ್ತಿಗೆದಾರನಿಗೆ ಹಣ ಬರುವುದು ಸುರಂಗ ಎಷ್ಟು ಮೀಟರ್ ಮುಂದೆ ಸಾಗಿತು ಎಂಬುದರ ಮೇಲೆ. ದೂಳು ಇಳಿಯಲೆಂದು ಸಿಡಿತದ ಬಳಿಕ ಅರ್ಧ ಗಂಟೆ ಕಾಯಿರಿ ಎಂದರೆ ದಿನದ ಮೀಟರುಗಳು ಕಡಿಮೆಯಾಗುತ್ತವೆ. ಕಾಯಿರಿ ಎಂದವನಿಗೂ ಬೇಡವೆಂದವನಿಗೂ ಒಬ್ಬನೇ ಯಜಮಾನನಿದ್ದಾಗ ಯಾರ ಮಾತು ಗೆಲ್ಲುತ್ತದೆ ಎಂಬುದನ್ನು ಊಹಿಸಲು ಕಷ್ಟವಿಲ್ಲ. ಇಲ್ಲಿ ಯಾವುದೇ ವ್ಯಕ್ತಿಯ ದುಷ್ಟತನ ಬೇಕಿಲ್ಲ. ಹಣ ಪಾವತಿಯ ರೀತಿಯೇ ಆ ಫಲಿತಾಂಶವನ್ನು ತರುತ್ತದೆ.

ಯುರೋಪ್ ಇದಕ್ಕೊಂದು ದಾರಿ ಕಂಡುಕೊಂಡಿತು. 1999ರ ಮಾರ್ಚ್ 24ರಂದು ಫ್ರಾನ್ಸ್–ಇಟಲಿ ನಡುವಿನ ಮಾಂಟ್ ಬ್ಲಾಂಕ್ ರಸ್ತೆ ಸುರಂಗದಲ್ಲಿ ಲಾರಿಗೆ ಹತ್ತಿದ ಬೆಂಕಿಯಲ್ಲಿ 39 ಮಂದಿ ಸತ್ತ ಬಳಿಕ, 2004ರಲ್ಲಿ ಐರೋಪ್ಯ ಒಕ್ಕೂಟ ಮುಖ್ಯ ರಸ್ತೆಜಾಲದ 500 ಮೀಟರಿಗಿಂತ ಉದ್ದದ ಸುರಂಗಗಳಿಗೆ ಕನಿಷ್ಠ ಸುರಕ್ಷತೆಯ ನಿರ್ದೇಶನ ತಂದಿತು. ಅದರಲ್ಲಿ ಪ್ರತಿ ಸುರಂಗಕ್ಕೂ ಒಬ್ಬ ಸುರಕ್ಷತಾ ಅಧಿಕಾರಿ ಇರಬೇಕು. ಅವರು ಸುರಂಗ ನಡೆಸುವ ಸಂಸ್ಥೆಯ ನೌಕರರೇ ಆಗಿದ್ದರೂ ಸುರಕ್ಷತೆಯ ವಿಷಯದಲ್ಲಿ ಮಾಲೀಕರ ಆದೇಶಕ್ಕೆ ಒಳಪಡುವಂತಿಲ್ಲ. ಅವರ ನೇಮಕಕ್ಕೆ ಆಡಳಿತ ಪ್ರಾಧಿಕಾರದ ಮುಂಚಿತ ಒಪ್ಪಿಗೆ ಬೇಕು. ಆ ನಿರ್ದೇಶನದ ಕಾಳಜಿ ಮುಖ್ಯವಾಗಿ ಪ್ರಯಾಣಿಕರದು. ಅದೇ ಸ್ವಾತಂತ್ರ್ಯವನ್ನು ಕೊರೆಯುವ ಹಂತಕ್ಕೂ, ಸ್ಥಳದ ವೈದ್ಯರಿಗೂ ವಿಸ್ತರಿಸುವುದಕ್ಕೆ ನಮ್ಮ ಸಂಹಿತೆಯಲ್ಲಿ ಅಡ್ಡಿಯೇನೂ ಇಲ್ಲ. ಅದಕ್ಕೆ ನಿಯಮ ಬೇಕು, ಟೆಂಡರಿನಲ್ಲಿ ದೂಳು ನಿಯಂತ್ರಣಕ್ಕೆ, ತಪಾಸಣೆಗೆ ಪ್ರತ್ಯೇಕ ಮೊತ್ತ ತೆಗೆದಿಡಬೇಕು. ಒಟ್ಟು ದರದೊಳಗೆ ಅದನ್ನು ಬೆರೆಸಿಬಿಟ್ಟರೆ, ಕಡಿಮೆ ದರ ಕೂಗುವ ಸ್ಪರ್ಧೆಯಲ್ಲಿ ಮೊದಲು ಕರಗುವುದು ಆ ಮೊತ್ತವೇ.

ತಪಾಸಣೆಯ ಕಾಗದ ಯಾರ ಕೈಗೆ?

ವೈದ್ಯಕೀಯ ಸಂಶೋಧನೆ ಈಗ ಕೊಡಬಲ್ಲದ್ದು ಏನು? ಎದೆಯ ಎಕ್ಸ್‌ರೇಯಲ್ಲಿ ಕಾಣದ ಆರಂಭದ ಸಿಲಿಕೋಸಿಸ್ ಸಿ.ಟಿ. ಸ್ಕ್ಯಾನ್‌ನಲ್ಲಿ ಕಾಣುತ್ತದೆ ಎಂಬುದು ಆಸ್ಟ್ರೇಲಿಯಾದ ಅಧ್ಯಯನಗಳಿಂದ ದೃಢಪಟ್ಟಿದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಂಶೋಧಕರು, ಶ್ವಾಸಕೋಶಕ್ಕೆ ಹಾನಿಯಾದಾಗ ರಕ್ತದಲ್ಲಿ ಇಳಿಮುಖವಾಗುವ ಸಿಸಿ16 ಎಂಬ ಪ್ರೋಟೀನನ್ನು ಅಳೆದು ಅನುಮಾನಿತರನ್ನು ಬೇಗ ಗುರುತಿಸುವ ಪರೀಕ್ಷೆಯನ್ನು ರೂಪಿಸಿದ್ದಾರೆ. ಸ್ಕ್ಯಾನ್ ಯಂತ್ರವನ್ನು ಪ್ರತಿ ಸುರಂಗದ ಬಾಯಿಗೆ ಒಯ್ಯಲಾಗದು; ರಕ್ತ ಪರೀಕ್ಷೆಯನ್ನು ಒಯ್ಯಬಹುದು. ಅನುಮಾನ ಬಂದವರನ್ನಷ್ಟೇ ಮುಂದಿನ ಪರೀಕ್ಷೆಗೆ ಕಳಿಸಬಹುದು. ಬೇಗ ಪತ್ತೆಯಾದರೆ ಔಷಧಿ ಸಿಗುತ್ತದೆಂದಲ್ಲ, ದೂಳಿನಿಂದ ದೂರ ಸರಿಸಬಹುದು ಎಂಬುದೇ ಅದರ ಬೆಲೆ.

ಇಲ್ಲಿ ಕಾರ್ಮಿಕ ಸಂಘಟನೆಗಳ ಆತಂಕವೊಂದಿದೆ, ಅದು ನ್ಯಾಯವಾದದ್ದು. ದೂರ ಸರಿಸುವುದೆಂದರೆ ದಿನಗೂಲಿಯವನ ಮಟ್ಟಿಗೆ ಕೆಲಸ ಕಳೆಯುವುದು. ಪರೀಕ್ಷೆಯ ಫಲಿತಾಂಶ ನೇರವಾಗಿ ಗುತ್ತಿಗೆದಾರನ ಕೈಗೆ ಹೋದರೆ ಅದು ರಕ್ಷಣೆಯ ಉಪಕರಣವಾಗಿ ಉಳಿಯದೆ ಆಳುಗಳನ್ನು ಸೋಸುವ ಜರಡಿಯಾಗುತ್ತದೆ. ಹಾಗಾಗುತ್ತದೆಂದು ತಿಳಿದ ಕಾರ್ಮಿಕ ಕೆಮ್ಮನ್ನು ಮುಚ್ಚಿಡುತ್ತಾನೆ, ತಪಾಸಣೆಯ ದಿನ ರಜೆ ಹಾಕುತ್ತಾನೆ, ಸಂಶೋಧಕನ ಅಂಕಿಅಂಶವೂ ಸುಳ್ಳಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ನೈತಿಕ ಮಾರ್ಗಸೂಚಿಗಳು ಮೇಲಧಿಕಾರಿಯ ಅಧೀನದಲ್ಲಿರುವವರ ಒಪ್ಪಿಗೆ ಸುಲಭವಾಗಿ ಒತ್ತಾಯದ್ದಾಗಬಹುದು ಎಂದು ಎಚ್ಚರಿಸುತ್ತವೆ. ಸುರಂಗದ ಶಿಬಿರದಲ್ಲಿ, ಭಾಷೆ ಬಾರದ ಊರಿನಲ್ಲಿ, ಮೇಸ್ತ್ರಿ ಪಕ್ಕದಲ್ಲೇ ನಿಂತಿರುವಾಗ ಹೆಬ್ಬೆಟ್ಟು ಒತ್ತಿಸಿಕೊಂಡದ್ದನ್ನು ಒಪ್ಪಿಗೆ ಎನ್ನಲಾಗದು.

ಆದ್ದರಿಂದ ತಪಾಸಣೆಯ ಜೊತೆಗೆ ಪರಿಹಾರವೂ, ಬದಲಿ ಕೆಲಸವೂ ಹೆಣೆದುಕೊಂಡಿರಲೇಬೇಕು. ಪರಿಹಾರ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ದಶಕಗಳಿಂದ ಇದೆ. ಆದರೆ ಐದು ರಾಜ್ಯಗಳಲ್ಲಿ ಹತ್ತು ಉಪಗುತ್ತಿಗೆದಾರರ ಬಳಿ ದುಡಿದವನು ಯಾರ ದೂಳಿನಿಂದ ರೋಗ ಬಂತೆಂದು ಸಾಬೀತು ಮಾಡಬೇಕು? ರಾಜಸ್ಥಾನ 2019ರಲ್ಲಿ ರೂಪಿಸಿದ ನೀತಿ ಈ ಗಂಟನ್ನು ಬೇರೆ ರೀತಿ ಬಿಡಿಸಿತು. ಮಾಲೀಕನನ್ನು ಹುಡುಕುವ ಹೊರೆಯನ್ನು ರೋಗಿಯ ಮೇಲೆ ಹೊರಿಸದೆ, ವೈದ್ಯಕೀಯ ಪ್ರಮಾಣಪತ್ರ ಸಿಕ್ಕೊಡನೆ 3 ಲಕ್ಷ ರೂಪಾಯಿ, ಮರಣದ ಬಳಿಕ ಕುಟುಂಬಕ್ಕೆ 2 ಲಕ್ಷ ಎಂದು ನಿಗದಿ ಮಾಡಿತು. ಮೊತ್ತ ಸಣ್ಣದು. ಆದರೆ ಪರಿಹಾರ ಸಿಗುತ್ತದೆಂದು ಗೊತ್ತಾದರೆ ಜನ ತಾವಾಗಿಯೇ ತಪಾಸಣೆಗೆ ಬರುತ್ತಾರೆ, ರೋಗ ಎಲ್ಲಿ ಎಷ್ಟಿದೆ ಎಂಬ ಚಿತ್ರವೂ ಮೂಡುತ್ತದೆ.

ನಿಯಮಗಳಲ್ಲಿ ನೋಡಬೇಕಾದದ್ದು

ಸಂಹಿತೆ ಚೌಕಟ್ಟು ಮಾತ್ರ. ತಪಾಸಣೆ ಯಾವ ವಯಸ್ಸಿನವರಿಗೆ, ಯಾವ ವರ್ಗದ ಕೆಲಸಕ್ಕೆ ಎಂಬುದನ್ನು ನಿಗದಿಪಡಿಸುವ ಅಧಿಕಾರವನ್ನು ಅದು ನಿಯಮಗಳಿಗೆ ಬಿಟ್ಟಿದೆ. ಕೇಂದ್ರದ ವ್ಯಾಪ್ತಿಗೆ ಬರುವ ಯೋಜನೆಗಳಿಗೆ ಕೇಂದ್ರದ ನಿಯಮ, ಉಳಿದವಕ್ಕೆ ರಾಜ್ಯದ ನಿಯಮ. ಬೆಂಗಳೂರಿನ ಸುರಂಗ ರಸ್ತೆಯಂಥ ನಗರ ಯೋಜನೆಗೆ ಕರ್ನಾಟಕ ಬರೆಯುವ ನಿಯಮದ ಪದಗಳೇ ನಿರ್ಣಾಯಕವಾಗುತ್ತವೆ.

ಆ ಪದಗಳನ್ನು ಓದುವಾಗ ನಾಲ್ಕೈದು ಸಂಗತಿಗಳನ್ನು ಹುಡುಕಬಹುದು. ಸುರಂಗದ ಕೆಲಸಕ್ಕೆ ವಯಸ್ಸಿನ ಮಿತಿಯಿಲ್ಲದೆ, ಕೆಲಸಕ್ಕೆ ಸೇರುವ ದಿನವೇ ಮೊದಲ ತಪಾಸಣೆ ಇದೆಯೇ? ಏಕೆಂದರೆ ಮೊದಲ ದಿನದ ಎದೆಯ ಚಿತ್ರವಿಲ್ಲದೆ ಮುಂದಿನ ಬದಲಾವಣೆಯನ್ನು ಅಳೆಯಲಾಗದು. ಕಾರ್ಮಿಕರ ಎಣಿಕೆ ಇಡೀ ಸ್ಥಳಕ್ಕೆ ಅನ್ವಯವಾಗುತ್ತದೆಯೇ? ದೂಳಿನ ಅಳತೆಯನ್ನು ಮಾಡುವವರು ಗುತ್ತಿಗೆದಾರನಿಂದ ಬೇರೆಯಾದವರೇ, ಅದು ಪಾಳಿಯಲ್ಲಿರುವವರಿಗೆ ಅಂದೇ ತಿಳಿಯುತ್ತದೆಯೇ? ಕೆಲಸ ಬಿಟ್ಟು ಹೋಗುವವನ ಕೈಗೆ, ಅವನು ಓದಬಲ್ಲ ಭಾಷೆಯಲ್ಲಿ, ಎಷ್ಟು ದಿನ ಯಾವ ಕೆಲಸ ಮಾಡಿದ, ಎಷ್ಟು ದೂಳಿತ್ತು, ಎದೆ ಹೇಗಿತ್ತು ಎಂಬ ಪುಸ್ತಿಕೆ ಸಿಗುತ್ತದೆಯೇ?

ಈ ಕೊನೆಯದು ಎಲ್ಲಕ್ಕಿಂತ ಅಗ್ಗದ್ದು, ಆದರೂ ಎಲ್ಲಕ್ಕಿಂತ ಸುಲಭವಾಗಿ ಮರೆತುಹೋಗುವಂಥದು. ಸಿಲ್ಕ್ಯಾರಾದಿಂದ ಹೊರಬಂದ 41 ಮಂದಿಗಾಗಿ ಚಿನ್ಯಾಲಿಸೌಡ್‌ನ ಆರೋಗ್ಯ ಕೇಂದ್ರದಲ್ಲಿ 41 ಹಾಸಿಗೆಗಳು ಮೊದಲೇ ಸಿದ್ಧವಾಗಿದ್ದವು. ಬಳಿಕ ಅವರನ್ನು ಹೆಲಿಕಾಪ್ಟರಿನಲ್ಲಿ ಋಷಿಕೇಶದ ಏಮ್ಸ್‌ಗೆ ಒಯ್ದು ಪರೀಕ್ಷಿಸಲಾಯಿತು. ಆ ಹದಿನೇಳು ದಿನ ಎಂಜಿನಿಯರರೂ ವೈದ್ಯರೂ ಒಂದೇ ಕೊಳವೆಯ ಮೂಲಕ ಆಹಾರ, ಔಷಧಿ, ಸಾಂತ್ವನವನ್ನು ಒಳಗೆ ಕಳಿಸಿದ್ದರು. ಕುಸಿತವಿಲ್ಲದ ಸಾಮಾನ್ಯ ದಿನದಲ್ಲಿ, ಪಾಳಿ ಮುಗಿಸಿ ತಲೆಯ ಮೇಲಿನ ಬಿಳಿ ದೂಳನ್ನು ಕೊಡವಿಕೊಂಡು ಹೊರಬರುವ ಕಾರ್ಮಿಕನಿಗೆ ಅದೇ ಇಬ್ಬರು ಎದುರಾಗಬೇಕು ಎಂದು ಬರೆಯುವ ಅವಕಾಶ ಈ ನಿಯಮಗಳಲ್ಲಿದೆ.